ತಲೆಬುರುಡೆ ಕಂಡಾಗ: ಕೈಯಾಟಿಕೆಯ ಡಿಜಿಟಲ್ ಸಾಕುಪ್ರಾಣಿಗೆ ಕಾಯಿಲೆ ಬರುವ ಬಗೆ, ಗುಣಪಡಿಸುವ ಬಗೆ

ಪರದೆಯ ಮೂಲೆಯಲ್ಲಿ ಕಾಯಿಲೆಯ ಗುರುತಾದ ಪುಟ್ಟ ತಲೆಬುರುಡೆ ಮೂಡಿದ ಕೂಡಲೇ ಹೊಸಬರು ಮಾಡುವ ಮೊದಲ ಕೆಲಸ ಊಟ ಹಾಕುವುದು. ಪ್ರಾಣಿ ಮುಖ ತಿರುಗಿಸುತ್ತದೆ. ಇನ್ನೊಮ್ಮೆ ಹಾಕುತ್ತಾರೆ, ಆಟ ಆಡಿಸಲು ನೋಡುತ್ತಾರೆ, ಕೊನೆಗೆ ಹಟ ಮಾಡುತ್ತಿದೆ ಎಂದು ಗದರುತ್ತಾರೆ. ಅಷ್ಟರಲ್ಲಿ ಮದ್ದು ಕೊಡಬೇಕಾಗಿದ್ದ ಹೊತ್ತು ಕಳೆದುಹೋಗಿರುತ್ತದೆ. ಪುಟ್ಟ ಪರದೆಯೊಳಗೆ ಪ್ರಾಣಿ ಸಾಕುವ ತಮಗೋಚಿ ಮತ್ತು ಅದರ ಬಳಗದ ಆಟಿಕೆಗಳಲ್ಲಿ ಹಸಿವಿನ ಲೆಕ್ಕವೇ ಬೇರೆ, ಕಾಯಿಲೆಯ ಲೆಕ್ಕವೇ ಬೇರೆ. ಒಂದು ಖಾತೆಗೆ ಕಟ್ಟಿದ್ದು ಇನ್ನೊಂದಕ್ಕೆ ಜಮೆಯಾಗುವುದಿಲ್ಲ. ಇಷ್ಟು ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

ಈ ಬರಹದಲ್ಲಿ ಮಾದರಿಯಾಗಿ ಇಟ್ಟುಕೊಂಡಿರುವುದು ಬಾಂಡಾಯ್ ಕಂಪನಿಯ ಮೊದಲ ತಮಗೋಚಿ. ಜಪಾನಿನಲ್ಲಿ 1996ರ ನವೆಂಬರ್ 23ರಂದು ಹೊರಬಂದು, 1997ರಲ್ಲಿ ಬೇರೆ ದೇಶಗಳಿಗೆ ಹೋದ, ಮೂರು ಗುಂಡಿಯ, ಮೊಟ್ಟೆಯಾಕಾರದ ಆಟಿಕೆ. ಅದರ ಮರುಬಿಡುಗಡೆಗಳೂ ಹೆಚ್ಚುಕಡಿಮೆ ಇದೇ ನಿಯಮದಲ್ಲಿ ನಡೆಯುತ್ತವೆ. ಬೇರೆ ಮಾದರಿಗಳಲ್ಲಿ ಎಲ್ಲಿ ದಾರಿ ಬದಲಾಗುತ್ತದೆ ಎಂಬುದನ್ನು ಆಮೇಲೆ ಹೇಳಿದೆ.

ಒಳಗೆ ನಡೆಯುವುದೇನು

ಮೊದಲ ತಮಗೋಚಿಯೊಳಗೆ ಇರುವುದು ಎಪ್ಸನ್‌ನ ಇ0ಸಿ6ಎಸ್46 ಎಂಬ 4 ಬಿಟ್‌ನ ಚಿಪ್. ಅದರ ಕೆಲಸದ ನೆನಪು 4 ಬಿಟ್‌ನ 640 ಕೋಶಗಳು, ಅಂದರೆ ಒಟ್ಟು 320 ಬೈಟ್. ಪರದೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕಿ, ಒಟ್ಟು 512. ಗಡಿಯಾರಕ್ಕೆ 32,768 ಹರ್ಟ್ಸ್‌ನ ಹರಳು. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡ್ ಸಿಗುತ್ತದೆ. ಕೈಗಡಿಯಾರಗಳಲ್ಲೂ ಇರುವುದು ಇದೇ ಹರಳು.

ಇಷ್ಟು ಇಕ್ಕಟ್ಟಾದ ಜಾಗದಲ್ಲಿ ನೆಗಡಿ, ಜ್ವರ, ಹೊಟ್ಟೆನೋವು ಎಂದು ಬೇರೆ ಬೇರೆ ರೋಗ ಇಡಲು ಆಗುವುದಿಲ್ಲ. ಕಾಯಿಲೆ ಎಂದರೆ ಹೆಚ್ಚೆಂದರೆ ಮೂರು ಸಂಗತಿ: ಕಾಯಿಲೆ ಇದೆಯೋ ಇಲ್ಲವೋ ಎಂಬ ಗುರುತು, ಇನ್ನು ಎಷ್ಟು ಡೋಸ್ ಬೇಕು ಎಂಬ ಎಣಿಕೆ, ಕಾಯಿಲೆ ಶುರುವಾಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಮದ್ದಿನ ಚಿಹ್ನೆಯಾದ ಸಿರಿಂಜ್ ಒತ್ತಿದಾಗ ಎಣಿಕೆ ಇಳಿಯುತ್ತದೆ. ಎಣಿಕೆ ಸೊನ್ನೆಯಾದರೆ ಗುರುತು ಅಳಿಯುತ್ತದೆ, ಬುರುಡೆ ಮಾಯವಾಗುತ್ತದೆ. ಎಣಿಕೆ ಮುಗಿಯುವ ಮೊದಲೇ ಹೊತ್ತಿನ ಲೆಕ್ಕ ಮಿತಿ ಮೀರಿದರೆ ಪ್ರಾಣಿ ಸಾಯುತ್ತದೆ. ಈ ಬಗೆಯ ಆಟಿಕೆಗಳನ್ನೆಲ್ಲ ಅರ್ಥ ಮಾಡಿಕೊಳ್ಳಲು ಈ ಚಿತ್ರ ಸಾಕು; ಮಾದರಿಯಿಂದ ಮಾದರಿಗೆ ಹೆಚ್ಚಾಗಿ ಬದಲಾಗುವುದು ಅಂಕಿಗಳು.

ಇದರಿಂದ ಒಂದು ಮಾತು ತಾನಾಗಿ ಸ್ಪಷ್ಟವಾಗುತ್ತದೆ. ಬುರುಡೆ ಇರುವಾಗ ಅರ್ಧ ಗುಣ ಎಂಬುದೇ ಇಲ್ಲ. ಒಂದು ಡೋಸ್ ಕೊಟ್ಟೆ, ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಬಿಟ್ಟರೆ ಪ್ರಾಣಿ ತಾನಾಗಿ ಚೇತರಿಸಿಕೊಳ್ಳುವುದಿಲ್ಲ. ಸಾವಿನ ಗಡಿಯಾರ ಓಡುತ್ತಲೇ ಇರುತ್ತದೆ.

ಕಾಯಿಲೆಯೋ, ಬೇರೇನೋ?

ಮೊದಲ ತಲೆಮಾರಿನ ತಮಗೋಚಿಯಲ್ಲಿ ಅನೇಕರು ಮೋಸಹೋಗುವ ಜಾಗ ಇದು. ಪರದೆಯ ಕೆಳಸಾಲಿನ ಕೊನೆಯಲ್ಲಿ ಕರೆಯ ಚಿಹ್ನೆ ಇದೆ, ಅದು ಹೊತ್ತಿದರೆ ಪ್ರಾಣಿಗೆ ಏನೋ ಬೇಕು ಎಂದರ್ಥ. ಹಸಿವಿನ ಅಥವಾ ಖುಷಿಯ ಮಟ್ಟ ತೋರಿಸುವ ಹೃದಯಗಳು ಪೂರ್ತಿ ಖಾಲಿಯಾದಾಗ, ಮಲಗಿದ ಮೇಲೂ ದೀಪ ಉರಿಯುತ್ತಿದ್ದಾಗ, ಸುಮ್ಮನೆ ಹಟ ಮಾಡುವಾಗ ಅದು ಹೊತ್ತುತ್ತದೆ. ಕಕ್ಕ ಮಾಡಿದಾಗ, ಕಾಯಿಲೆ ಬಿದ್ದಾಗ ಹೊತ್ತುವುದಿಲ್ಲ. ಕರೆದಾಗ ನೋಡಿದರಾಯಿತು ಎಂದು ಆಟಿಕೆಯನ್ನು ಮೇಜಿನ ಮೇಲಿಟ್ಟವರಿಗೆ ಕಾಯಿಲೆ ಗೊತ್ತೇ ಆಗುವುದಿಲ್ಲ. ಕಣ್ಣಿಂದ ನೋಡಿಯೇ ತಿಳಿಯಬೇಕು.

ಇದರ ಇನ್ನೊಂದು ಮುಖವೂ ಇದೆ. ಹೃದಯಗಳು ಖಾಲಿಯಾದಾಗ ಅಥವಾ ದೀಪ ಆರಿಸದಿದ್ದಾಗ 15 ನಿಮಿಷದೊಳಗೆ ನೋಡಿಕೊಳ್ಳದಿದ್ದರೆ ಅದು ಆರೈಕೆಯ ತಪ್ಪು ಎಂದು ದಾಖಲಾಗುತ್ತದೆ. ಪ್ರಾಣಿ ಬೆಳೆದು ಯಾವ ರೂಪ ತಾಳುತ್ತದೆ ಎಂಬುದನ್ನು ಈ ತಪ್ಪುಗಳು ಮತ್ತು ಶಿಸ್ತಿನ ಮಟ್ಟ ಸೇರಿ ನಿರ್ಧರಿಸುತ್ತವೆ. ಕಾಯಿಲೆ ಬಿದ್ದದ್ದು ಆ ಪಟ್ಟಿಗೆ ಸೇರುವುದಿಲ್ಲ. ಬುರುಡೆ ಒಂದೆರಡು ಸಲ ಕಂಡಿತು, ಇನ್ನು ಒಳ್ಳೆಯ ರೂಪ ಬರುವುದಿಲ್ಲ ಎಂದು ಕೈಚೆಲ್ಲಬೇಡಿ. ಕಾಯಿಲೆಗೆ ತೆರುವ ಬೆಲೆ ಪ್ರಾಣ, ರೂಪವಲ್ಲ.

ಬುರುಡೆ ಎಂದು ಖಚಿತ ಮಾಡಿಕೊಳ್ಳುವ ಮುನ್ನ ಇವನ್ನು ನೋಡಿ:

1. ಬುರುಡೆಯ ಚಿತ್ರ ಪ್ರಾಣಿಯ ಪಕ್ಕ, ಮೇಲ್ಭಾಗದಲ್ಲಿ ಮೂಡುತ್ತದೆ. ನೆಲದ ಮೇಲೆ, ಪ್ರಾಣಿಯ ಮಗ್ಗುಲಿಗೆ ಗುಡ್ಡೆಯಂತೆ ಕಂಡು ಆವಿಯಾಡುತ್ತಿದ್ದರೆ ಅದು ಕಕ್ಕ. ಚಿಕ್ಕ ಪರದೆಯಲ್ಲಿ, ಮಂದ ಬೆಳಕಿನಲ್ಲಿ ಎರಡನ್ನೂ ಅದಲುಬದಲು ಮಾಡಿಕೊಳ್ಳುವುದು ಸಾಮಾನ್ಯ.
2. ನಿದ್ದೆಯ ಗುರುತು ಇದ್ದರೆ ಪ್ರಾಣಿ ಮಲಗಿದೆ ಅಷ್ಟೇ. ದೀಪ ಆರಿಸಿದ ಮೇಲೆ ಪರದೆ ಕಪ್ಪಾಗುವುದರಿಂದ ಪ್ರಾಣಿಯಾಗಲಿ ಬುರುಡೆಯಾಗಲಿ ಕಾಣುವುದಿಲ್ಲ. ಆರಿಸುವ ಮುಂಚೆಯೇ ನೋಡಿಕೊಳ್ಳಿ.
3. ಊಟ ಬೇಡ ಎನ್ನುತ್ತಿದೆಯೇ? ಹಸಿವಿನ ನಾಲ್ಕು ಹೃದಯ ತುಂಬಿದ್ದರೆ ಬೇಡ ಎನ್ನುವುದು ಸಹಜ. ಹೃದಯ ಖಾಲಿ, ಬುರುಡೆಯಿಲ್ಲ, ಕರೆಯ ಚಿಹ್ನೆ ಹೊತ್ತಿದೆ ಎಂದರೆ ಅದು ಹಟ, ಆಗ ಗದರಬೇಕು. ಬುರುಡೆಯಿದ್ದರೆ ಮದ್ದು. ಗದರಿಕೆಯಿಂದ ಕಾಯಿಲೆ ಹೋಗುವುದಿಲ್ಲ.
4. ಪರದೆಯಲ್ಲಿ ಯಾವುದಾದರೂ ಲಂಬ ಗೆರೆ ಪೂರ್ತಿ ಅಳಿಸಿಹೋಗಿದೆಯೇ? ಹಳೆಯ ಆಟಿಕೆಗಳಲ್ಲಿ ಇದು ಬಹಳ. ಬುರುಡೆ ಮೂಡುವ ಜಾಗದ ಗೆರೆಗಳೇ ಸತ್ತಿದ್ದರೆ ಕಾಯಿಲೆ ಇದ್ದರೂ ಕಾಣದು. ಅನುಮಾನ ಬಂದರೆ ಸಿರಿಂಜ್ ಒತ್ತಿ ನೋಡಿ: ಆರೋಗ್ಯವಾಗಿದ್ದರೆ ಪ್ರಾಣಿ ತಲೆಯಾಡಿಸಿ ಬೇಡ ಎನ್ನುತ್ತದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಮದ್ದು ಕೊಡುವ ಕ್ರಮ

ಎಡಗಡೆಯ ಎ ಗುಂಡಿ ಚಿಹ್ನೆಗಳನ್ನು ಒಂದೊಂದಾಗಿ ಆಯ್ಕೆ ಮಾಡುತ್ತದೆ, ನಡುವಿನ ಬಿ ಒಪ್ಪುತ್ತದೆ, ಬಲದ ಸಿ ಹಿಂದಕ್ಕೆ ತರುತ್ತದೆ. ಮೇಲಿನ ಸಾಲಿನಲ್ಲಿ ಎಡದಿಂದ ಊಟ, ದೀಪ, ಆಟ, ಮದ್ದು. ಕೆಳಗಿನ ಸಾಲಿನಲ್ಲಿ ಶೌಚ, ಆರೋಗ್ಯದ ತಕ್ಕಡಿ, ಗದರಿಕೆ, ಕೊನೆಗೆ ಕರೆ. ಕರೆಯ ಚಿಹ್ನೆಯನ್ನು ನೀವು ಆಯ್ಕೆ ಮಾಡಲಾಗದು, ಅದು ಪ್ರಾಣಿಯದು.

1. ಸಿ ಒತ್ತಿ ಮುಖ್ಯ ಪರದೆಗೆ ಬನ್ನಿ.
2. ಸಿರಿಂಜ್ ಚಿಹ್ನೆ ಕಪ್ಪಾಗುವ ತನಕ ಎ ಒತ್ತಿ. ಯಾವ ಚಿಹ್ನೆಯೂ ಆಯ್ಕೆಯಾಗಿರದಿದ್ದರೆ ನಾಲ್ಕು ಸಲ. ಮುಂಚೆ ಯಾವುದೋ ಆಯ್ಕೆಯಾಗಿದ್ದರೆ ಎಣಿಕೆ ತಪ್ಪುತ್ತದೆ, ಹಾಗಾಗಿ ಚಿತ್ರ ನೋಡಿ ಒತ್ತುವುದು ಒಳ್ಳೆಯದು.
3. ಬಿ ಒತ್ತಿ. ಚುಚ್ಚುಮದ್ದಿನ ಚಿತ್ರ ಓಡಿ ಮುಗಿಯುವವರೆಗೆ ಬೇರೆ ಗುಂಡಿ ಮುಟ್ಟಬೇಡಿ.
4. ಬುರುಡೆ ಹೋಯಿತೇ ನೋಡಿ. ಹೋಗಿರದಿದ್ದರೆ ಮತ್ತೆ ಬಿ. ಒಂದೇ ಡೋಸ್‌ನಲ್ಲಿ ಗುಣವಾಗುವುದೂ ಉಂಟು, ಹೆಚ್ಚು ಬೇಕಾಗುವುದೂ ಉಂಟು. ಬುರುಡೆ ಅಳಿಯುವ ತನಕ ಕೊಡಬೇಕು; ಕಾಯಿಲೆ ಇರುವಾಗ ಡೋಸ್ ಹೆಚ್ಚಾಯಿತು ಎಂಬ ಭಯ ಬೇಡ.
5. ತಕ್ಷಣ ಶೌಚದ ಚಿಹ್ನೆಗೆ ಹೋಗಿ ಬಿ ಒತ್ತಿ. ಒಂದೇ ಸಲಕ್ಕೆ ಪರದೆಯ ಗಲೀಜೆಲ್ಲ ತೊಳೆದುಹೋಗುತ್ತದೆ, ಗುಡ್ಡೆಗೊಂದರಂತೆ ಒತ್ತಬೇಕಿಲ್ಲ.
6. ಈಗ ತಕ್ಕಡಿ ತೆರೆದು ಹಸಿವು, ಖುಷಿ ಎರಡೂ ನೋಡಿ. ಕಾಯಿಲೆಯ ಹೊತ್ತಿನಲ್ಲಿ ಹೃದಯಗಳು ಇಳಿದಿರುತ್ತವೆ.
7. ಮೊದಲು ಊಟ, ಆಮೇಲೆ ಆಟ.

ಐದನೇ ಹೆಜ್ಜೆ ಬಿಟ್ಟವರು ಸ್ವಲ್ಪ ಹೊತ್ತಿಗೆ ಮತ್ತೆ ಬುರುಡೆ ನೋಡುತ್ತಾರೆ, ಮದ್ದು ಸುಳ್ಳು ಎಂದು ಬೈಯುತ್ತಾರೆ. ಮದ್ದು ಈಗಿನ ಕಾಯಿಲೆಯ ಗುರುತನ್ನು ಅಳಿಸುತ್ತದೆಯೇ ಹೊರತು ನೆಲದ ಮೇಲಿನ ಗಲೀಜನ್ನು ಅಳಿಸುವುದಿಲ್ಲ. ಗಲೀಜು ಇದ್ದಷ್ಟು ಹೊತ್ತೂ ಮುಂದಿನ ಕಾಯಿಲೆಯ ಲೆಕ್ಕ ನಡೆಯುತ್ತಿರುತ್ತದೆ.

ಕಾಯಿಲೆ ಬರುವ ದಾರಿಗಳು

*ಗಲೀಜು.* ಎಲ್ಲಕ್ಕಿಂತ ದೊಡ್ಡ ಕಾರಣ. ಕಕ್ಕ ಕಂಡ ಕೂಡಲೇ ತೊಳೆಯಿರಿ. ಅದು ಕರೆಯ ಚಿಹ್ನೆ ಹೊತ್ತಿಸುವುದಿಲ್ಲ ಎಂದು ಮೇಲೆ ಹೇಳಿದ್ದನ್ನು ಇಲ್ಲಿ ಸೇರಿಸಿಕೊಳ್ಳಿ: ಕಾಯಿಲೆಯೂ ಸದ್ದಿಲ್ಲದೆ ಬರುತ್ತದೆ, ಅದರ ಕಾರಣವೂ ಸದ್ದಿಲ್ಲದೆ ಬರುತ್ತದೆ. ಎಚ್ಚರವಿರುವ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಪರದೆಯತ್ತ ಒಂದು ಕಣ್ಣು ಹಾಯಿಸುವ ಅಭ್ಯಾಸ ಮಾಡಿಕೊಂಡರೆ ಬಹುಪಾಲು ಕಾಯಿಲೆ ಬರುವುದೇ ಇಲ್ಲ.

*ಎಳೆಯ ಹೊತ್ತು.* ಮೊಟ್ಟೆ ಇಟ್ಟು ಗಡಿಯಾರ ಹೊಂದಿಸಿದ 5 ನಿಮಿಷಕ್ಕೆ ಮರಿ ಹೊರಬರುತ್ತದೆ. ಬಂದಾಗ ಹೃದಯಗಳೆಲ್ಲ ಖಾಲಿ. ಸುಮಾರು ಒಂದು ಗಂಟೆಯಲ್ಲಿ ಅದು ಮುಂದಿನ ರೂಪಕ್ಕೆ ಬೆಳೆಯುತ್ತದೆ, ಆದರೆ ಆ ಒಂದು ಗಂಟೆಯಲ್ಲಿ ಹೃದಯಗಳು ಬಹಳ ಬೇಗ ಇಳಿಯುತ್ತವೆ, ನಡುವೆ ಒಂದು ಸಣ್ಣ ನಿದ್ದೆ, ಕಕ್ಕ, ಎಲ್ಲವೂ ಒತ್ತೊತ್ತಾಗಿ ಬರುತ್ತವೆ. ಹೊರಗೆ ಹೊರಡುವ ಮುನ್ನ, ಪಾಠದ ಮುನ್ನ, ಊಟಕ್ಕೆ ಕೂರುವ ಮುನ್ನ ಮೊಟ್ಟೆ ಶುರುಮಾಡಬೇಡಿ. ಪೂರ್ತಿ ಒಂದೂಕಾಲು ಗಂಟೆ ಕೈಯಲ್ಲಿ ಬಿಡುವಿದ್ದಾಗ ಮಾತ್ರ ಶುರು ಮಾಡಿ.

*ತಿಂಡಿ ಮತ್ತು ತೂಕ.* ಊಟದ ಚಿಹ್ನೆಯಲ್ಲಿ ಎರಡು ಬಗೆ: ಊಟ ಮತ್ತು ತಿಂಡಿ. ಒಂದು ಊಟ ಹಸಿವಿನ ಒಂದು ಹೃದಯ ತುಂಬಿ ತೂಕ 1 ಹೆಚ್ಚಿಸುತ್ತದೆ. ಒಂದು ತಿಂಡಿ ಖುಷಿಯ ಒಂದು ಹೃದಯ ತುಂಬಿ ತೂಕ 2 ಹೆಚ್ಚಿಸುತ್ತದೆ. ಹೊಟ್ಟೆ ತುಂಬಿದ ಮೇಲೆ ಊಟ ಬೇಡ ಎನ್ನುವ ಪ್ರಾಣಿ ತಿಂಡಿಯನ್ನು ಎಷ್ಟು ಕೊಟ್ಟರೂ ತಿನ್ನುತ್ತದೆ. ಆಟಿಕೆ ಒಡ್ಡಿದ ಬಲೆಯೇ ಅದು. ಆಟ ಐದು ಸುತ್ತಿನದು, ಪ್ರಾಣಿ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಊಹಿಸಬೇಕು. ಮೂರು ಸರಿಯಾದರೆ ಖುಷಿಯ ಹೃದಯ ಒಂದು ಸಿಗುತ್ತದೆ. ಗೆದ್ದರೂ ಸೋತರೂ ತೂಕ 1 ಇಳಿಯುತ್ತದೆ. ಲೆಕ್ಕ ಹಾಕಿ: ಒಂದು ತಿಂಡಿಯ ತೂಕ ಇಳಿಸಲು ಎರಡು ಆಟ, ಅಂದರೆ ಹತ್ತು ಊಹೆ. ನಾಲ್ಕು ತಿಂಡಿ ಕೊಟ್ಟು ಖುಷಿ ತುಂಬಿಸಿದರೆ ನಲವತ್ತು ಊಹೆಯ ಸಾಲ. ಖುಷಿಯನ್ನು ಆಟದಿಂದಲೇ ತುಂಬಿಸುವುದು ಲಾಭ. ತಿಂಡಿ ಸಮಯವೇ ಇಲ್ಲದ ತುರ್ತಿಗೆ ಮಾತ್ರ ಇರಲಿ: ಮಲಗುವ ಹೊತ್ತಾಗಿದೆ, ಖುಷಿ ಖಾಲಿ, ಆಟಕ್ಕೆ ಬಿಡುವಿಲ್ಲ ಎಂಬಂಥ ಹೊತ್ತಿಗೆ.

ಮರಿಯ ಕನಿಷ್ಠ ತೂಕ 5, ಅದರ ಮುಂದಿನ ರೂಪಕ್ಕೆ 10, ಹರೆಯಕ್ಕೆ 20. ಈ ಅಂಕಿಗಳ ಹತ್ತಿರದಲ್ಲೇ ತೂಕ ಇಟ್ಟುಕೊಳ್ಳಿ. ಕನಿಷ್ಠಕ್ಕೆ ಬಂದ ಮೇಲೆ ಎಷ್ಟು ಆಡಿದರೂ ಇನ್ನೂ ಇಳಿಯುವುದಿಲ್ಲ.

*ಏನೂ ತಪ್ಪು ಮಾಡದೆಯೂ.* ಹೌದು, ಹೀಗೂ ಬರುತ್ತದೆ. ಪರದೆ ಚೊಕ್ಕಟ, ತೂಕ ಸರಿ, ಹೃದಯ ತುಂಬಿವೆ, ಆದರೂ ಬುರುಡೆ. ಆಟಿಕೆ ಮಾಡಿದವರು ಆಟಗಾರರನ್ನು ಎಚ್ಚರದಲ್ಲಿ ಇಡಲು ಹಾಕಿದ್ದು ಅದು. ಕಾರಣ ಹುಡುಕುತ್ತಾ ಕೂರಬೇಡಿ, ಮದ್ದು ಕೊಟ್ಟು ಮುಂದೆ ಹೋಗಿ.

ರಾತ್ರಿ ಮತ್ತು ಹೊರಗಿನ ಹೊತ್ತು

ಮರಿ ದಾಟಿದ ರೂಪ ರಾತ್ರಿ 8ಕ್ಕೆ ಮಲಗಿ ಬೆಳಗ್ಗೆ 9ಕ್ಕೆ ಏಳುತ್ತದೆ. ಬೆಳೆದಂತೆ ಮಲಗುವ ಹೊತ್ತು ಮುಂದಕ್ಕೆ ಹೋಗುತ್ತದೆ. ಮಲಗುವ ಹೊತ್ತಿಗೆ ಹತ್ತು ನಿಮಿಷ ಮುಂಚೆ ಆಟಿಕೆ ಕೈಗೆತ್ತಿಕೊಂಡು ಗಲೀಜು ತೊಳೆಯಿರಿ, ಬುರುಡೆ ಇಲ್ಲವೆಂದು ಖಚಿತ ಮಾಡಿ, ಹೃದಯ ತುಂಬಿಸಿ, ಪ್ರಾಣಿ ಮಲಗಿದ ಮೇಲೆ ದೀಪ ಆರಿಸಿ. ಗಲೀಜಿನಲ್ಲಿ ಮಲಗಿಸಿ ದೀಪ ಆರಿಸಿದರೆ ಬೆಳಗಿನವರೆಗೆ ಕಪ್ಪು ಪರದೆಯ ಹಿಂದೆ ಏನಾಯಿತು ಎಂಬುದು ಗೊತ್ತಾಗುವುದಿಲ್ಲ.

ಹಗಲು ಹಲವು ಗಂಟೆ ನೋಡಲಾಗದಿದ್ದರೆ ಗಡಿಯಾರ ಹೊಂದಿಸುವ ಪರದೆಯಲ್ಲಿ ನಿಲ್ಲಿಸುವ ಉಪಾಯ ಇದೆ. ಮೊದಲ ತಮಗೋಚಿಯಲ್ಲಿ ಹೀಗೆ:

1. ಯಾವ ಚಿಹ್ನೆಯೂ ಆಯ್ಕೆಯಾಗಿರದಾಗ ಬಿ ಒತ್ತಿ, ಗಡಿಯಾರ ಬರುತ್ತದೆ.
2. ಎ ಮತ್ತು ಸಿ ಎರಡನ್ನೂ ಒಟ್ಟಿಗೆ ಒತ್ತಿ. ಹೊತ್ತು ತಿದ್ದುವ ಸ್ಥಿತಿಗೆ ಹೋಗುತ್ತದೆ.
3. ಹಾಗೆಯೇ ಬಿಡಿ. ಗಡಿಯಾರ ನಿಂತಿದೆ, ಅದರೊಂದಿಗೆ ಹಸಿವೂ ಕಾಯಿಲೆಯೂ ನಿಂತಿವೆ.
4. ಮರಳಿ ಬಂದ ಮೇಲೆ ಎ ಇಂದ ಗಂಟೆ, ಬಿ ಇಂದ ನಿಮಿಷ ಸರಿಪಡಿಸಿ, ಸಿ ಒತ್ತಿ.

ಇದನ್ನೇ ಮುಖ್ಯ ಪರದೆಯಲ್ಲಿ, ಗಡಿಯಾರ ತೆರೆಯದೆ, ಎ ಮತ್ತು ಸಿ ಒತ್ತಿ ಮಾಡಿದರೆ ಸದ್ದು ನಿಲ್ಲುತ್ತದೆಯೇ ಹೊರತು ಪ್ರಾಣಿ ನಿಲ್ಲುವುದಿಲ್ಲ. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ತಿದ್ದುವ ಪರದೆಯಿಂದ ತಾನಾಗಿ ಹೊರಬರುವುದೂ ಸಾಮಾನ್ಯ. ಹಾಗಾಗಿ ನಿಲ್ಲಿಸಿದ ಆಟಿಕೆಯನ್ನು ಡಬ್ಬಿಯಲ್ಲೋ ಮೇಜಿನ ಮೇಲೋ ಇಡಿ. ನಿಮ್ಮ ಬಳಿ ಬೇರೆ ಮಾದರಿ ಇದ್ದರೆ ಈ ಉಪಾಯವನ್ನು ಮೊದಲು ಹತ್ತು ನಿಮಿಷ ಪರೀಕ್ಷಿಸಿ. ಹೊರಬಂದಾಗ ಗಡಿಯಾರ ಅದೇ ನಿಮಿಷದಲ್ಲಿದ್ದರೆ ನಂಬಬಹುದು.

ಬುರುಡೆ ಇರುವಾಗ ನಿಲ್ಲಿಸುವುದು ದಡ್ಡತನ. ಮದ್ದಿಗೆ ಬೇಕಾದದ್ದು ಅರ್ಧ ನಿಮಿಷ. ಮೊದಲು ಗುಣಪಡಿಸಿ, ತೊಳೆದು, ಆಮೇಲೆ ನಿಲ್ಲಿಸಿ.

ಹಲ್ಲುನೋವು ಮತ್ತು ಗಾಯ

2004ರಲ್ಲಿ ಶುರುವಾದ ತಮಗೋಚಿ ಕನೆಕ್ಷನ್ ಸರಣಿಯಲ್ಲಿ ಚಿಹ್ನೆಗಳು ಹೆಚ್ಚಾದವು, ಜಾಗವೂ ಬದಲಾಯಿತು. ನಾಲ್ಕನೆಯದು ಸಿರಿಂಜ್ ಎಂಬ ಎಣಿಕೆಯ ಅಭ್ಯಾಸ ಅಲ್ಲಿ ನಡೆಯದು. ಆ ಸರಣಿಯ ಹಲವು ಆವೃತ್ತಿಗಳಲ್ಲಿ ಬುರುಡೆಯ ಜೊತೆಗೆ ಹಲ್ಲುನೋವೂ ಇದೆ, ಗುರುತಾಗಿ ಹಲ್ಲಿನ ಚಿತ್ರ ಬರುತ್ತದೆ. ಸಿಹಿತಿಂಡಿ ಹೆಚ್ಚಾಯಿತು ಎಂಬುದಕ್ಕೆ ಅದು ದಂಡ. ವಾಸಿ ಮಾಡುವುದು ಅದೇ ಮದ್ದಿನ ಚಿಹ್ನೆಯಿಂದ. ಆದರೆ ಕಾರಣ ಬೇರೆ ಆದ್ದರಿಂದ ತಡೆಯುವ ಬಗೆ ಬೇರೆ: ಬುರುಡೆ ಕಂಡರೆ ನೆಲ ನೋಡಿ, ಹಲ್ಲು ಕಂಡರೆ ಈಚೆಗೆ ಎಷ್ಟು ತಿಂಡಿ ಕೊಟ್ಟಿರಿ ನೆನಪಿಸಿಕೊಳ್ಳಿ.

ಅದೇ ಬಾಂಡಾಯ್ 1997ರಲ್ಲಿ ತಂದ ಡಿಜಿಟಲ್ ಮಾನ್ಸ್ಟರ್ ಬೇರೆ ಜಾತಿ. ಡಿಜಿಮಾನ್ ಎಂದು ಹೆಸರಾದ ಈ ಪ್ರಾಣಿಗಳು ಕಾದಾಡುವಂಥವು, ಹಾಗಾಗಿ ಇಲ್ಲಿ ಕಾಯಿಲೆಗಿಂತ ಗಾಯದ್ದೇ ಹೆಚ್ಚಿನ ಕಥೆ. ಬುರುಡೆ ಇಲ್ಲೂ ಬರುತ್ತದೆ, ಆದರೆ ಮದ್ದಿನ ಜಾಗದಲ್ಲಿ ಬ್ಯಾಂಡೇಜ್. ಕಾಳಗದಲ್ಲಿ ಸೋತರೆ ಮಾತ್ರವಲ್ಲ, ಗೆದ್ದರೂ ಗಾಯವಾಗಬಹುದು. ಗೆದ್ದ ಸಂಭ್ರಮದಲ್ಲಿ ಆಟಿಕೆ ಜೇಬಿಗಿಟ್ಟವರು ಇದನ್ನೇ ಮರೆಯುತ್ತಾರೆ. ಪ್ರತಿ ಕಾಳಗದ ನಂತರ ಐದು ಸೆಕೆಂಡ್ ಪರದೆ ನೋಡಿ.

ಡಿಜಿಟಲ್ ಮಾನ್ಸ್ಟರ್‌ನ 2017ರ ಇಪ್ಪತ್ತನೇ ವರ್ಷದ ಆವೃತ್ತಿಯಲ್ಲಿ ಗಾಯಕ್ಕೆ 6 ಗಂಟೆಯ ಗಡುವು. ಅಷ್ಟರಲ್ಲಿ ಬ್ಯಾಂಡೇಜ್ ಹಾಕದಿದ್ದರೆ ಸಾವು. ಹಸಿವು ಅಥವಾ ಮೈಬಲದ ಹೃದಯ ಖಾಲಿಯಿದ್ದರೆ 12 ಗಂಟೆ. ಅಂದರೆ ಹಸಿವಿಗಿಂತ ಗಾಯಕ್ಕೆ ಅರ್ಧದಷ್ಟೇ ಹೊತ್ತು. ಎರಡೂ ಒಟ್ಟಿಗೆ ಕಂಡಾಗ ಯಾವುದು ಮೊದಲು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಒಂದೇ ರೂಪದಲ್ಲಿರುವಾಗ ಗಾಯಗಳ ಒಟ್ಟು ಎಣಿಕೆಯೂ ನಡೆಯುತ್ತದೆ; ಪ್ರತಿ ಸಲ ಗುಣಪಡಿಸಿದರೂ ಆ ಎಣಿಕೆ ಇಳಿಯದು, ಮಿತಿ ಮುಟ್ಟಿದರೆ ಆಟ ಮುಗಿಯಿತು. ಗಲೀಜು ತುಂಬಿಕೊಂಡು ಬರುವ ಕಾಯಿಲೆಯೂ ಇದೇ ಎಣಿಕೆಗೆ ಸೇರುತ್ತದೆ. ತೊಳೆಯದೆ ಬಿಟ್ಟ ಪರದೆ ಮುಂದೆ ಒಂದು ಕಾಳಗವನ್ನು ಕಸಿದುಕೊಂಡಂತೆ.

ಬಲ ತುಂಬಿಸಲು ಕೊಡುವ ಪ್ರೋಟೀನ್ ಹೆಚ್ಚಾದರೂ ಪೆಟ್ಟು: ಅತಿಯಾದ ಪ್ರೋಟೀನ್ ಕಾಳಗದಲ್ಲಿ ಗಾಯವಾಗುವ ಸಾಧ್ಯತೆಯನ್ನು ಏರಿಸುತ್ತದೆ. ಬಲದ ಹೃದಯಗಳನ್ನು ತರಬೇತಿಯಿಂದ ತುಂಬಿಸಿ, ಪ್ರೋಟೀನ್ ಅನ್ನು ಕಾಳಗಕ್ಕೆ ಶಕ್ತಿ ಬೇಕಾದಾಗ ಮಾತ್ರ ಕೊಡಿ.

ಮದ್ದು ಹತ್ತದಿದ್ದರೆ

ಸಿರಿಂಜ್ ಒತ್ತಿದರೂ ಏನೂ ಆಗುತ್ತಿಲ್ಲ ಎಂದರೆ ಕಾಯಿಲೆ ಪ್ರಾಣಿಗಲ್ಲ, ಆಟಿಕೆಗೆ ಇರಬಹುದು.

ಗುಂಡಿ ಒತ್ತಿದಾಗ ಚಿಹ್ನೆ ಮುಂದೆ ಹೋಗದಿದ್ದರೆ ಅಥವಾ ಒಂದೇ ಒತ್ತಿಗೆ ಎರಡು ಮನೆ ಹಾರಿದರೆ ಒಳಗಿನ ರಬ್ಬರ್ ಗುಂಡಿಯ ತಳದ ಕಪ್ಪು ಪದರ ಕೊಳೆಯಾಗಿದೆ. ಹಿಂಬದಿಯ ತಿರುಪು ಬಿಚ್ಚಿ, ರಬ್ಬರನ್ನೂ ಅದು ತಾಗುವ ಸರ್ಕ್ಯೂಟ್ ಹಲಗೆಯ ಭಾಗವನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ ಒಣಗಲು ಬಿಡಿ. ಗಟ್ಟಿಯಾಗಿ ಉಜ್ಜಿದರೆ ಪದರವೇ ಕಿತ್ತುಬರುತ್ತದೆ.

ಪರದೆಯಲ್ಲಿ ಗೆರೆಗಳು ಕಾಣೆಯಾಗಿದ್ದರೆ ಗಾಜಿಗೂ ಹಲಗೆಗೂ ನಡುವೆ ಇರುವ ಮೆತ್ತನೆಯ ಪಟ್ಟೆಪಟ್ಟೆ ಸಂಪರ್ಕಪಟ್ಟಿಯನ್ನು ಅನುಮಾನಿಸಿ. ಅದನ್ನು ಅದೇ ಆಲ್ಕೋಹಾಲ್‌ನಿಂದ ಒರೆಸಿ, ಸ್ವಲ್ಪವೂ ಓರೆಯಾಗದಂತೆ ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದು ಮೂಲೆ ಮೊದಲೇ ಪೂರ್ತಿ ಬಿಗಿದರೆ ಇನ್ನೊಂದು ಮೂಲೆಯ ಗೆರೆಗಳು ಮಾಯವಾಗುತ್ತವೆ.

ಪರದೆ ಮಸುಕಾಗಿದೆ, ಸದ್ದು ಬಂದಾಗ ಚಿತ್ರ ನಡುಗುತ್ತದೆ ಎಂದರೆ ಬ್ಯಾಟರಿ. ಮೊದಲ ತಮಗೋಚಿಗೆ ಎಲ್‌ಆರ್44 ಎರಡು, ತಲಾ 1.5 ವೋಲ್ಟ್. ಅದರ ಜಾಗಕ್ಕೆ ಅದೇ ಅಳತೆಯ ಎಸ್‌ಆರ್44 ಹಾಕಿದರೆ ಹೆಚ್ಚು ಕಾಲ ಸಮನಾದ ವೋಲ್ಟೇಜ್ ಸಿಗುತ್ತದೆ. ಮರುಬಿಡುಗಡೆಯ ಹಲವು ಮಾದರಿಗಳಿಗೆ ಮತ್ತು ಹಳೆಯ ಕನೆಕ್ಷನ್‌ಗಳಿಗೆ ಸಿಆರ್2032 ಒಂದು, 3 ವೋಲ್ಟ್. ಎರಡು ಬ್ಯಾಟರಿ ಇರುವ ಕಡೆ ಒಂದು ಹೊಸದು ಒಂದು ಹಳೆಯದು ಹಾಕಬೇಡಿ.

ಮೊದಲ ತಲೆಮಾರಿನಲ್ಲಿ ಬ್ಯಾಟರಿ ತೆಗೆದರೆ ನೆನಪು ಅಳಿದು ಹೊಸ ಮೊಟ್ಟೆಯಿಂದ ಶುರು. ಹಿಂಬದಿಯ ಸಣ್ಣ ತೂತಿನ ರೀಸೆಟ್ ಕೂಡ ಅಷ್ಟೇ. ಕನೆಕ್ಷನ್ ಸರಣಿಯ ಕೆಲವು ಮಾದರಿಗಳು ರೀಸೆಟ್ ಆದಾಗ ಉಳಿಸಿದ್ದನ್ನು ಮರಳಿ ತರುವ ಆಯ್ಕೆ ತೋರಿಸುತ್ತವೆ. ಅವಸರದಲ್ಲಿ ತಪ್ಪು ಸಾಲು ಒತ್ತಬೇಡಿ. ಬಟನ್ ಬ್ಯಾಟರಿಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ಮುಚ್ಚಳದ ತಿರುಪು ಸಡಿಲ ಬಿಡಬೇಡಿ. ನುಂಗಿದರೆ ಒಳಗೆ ಸುಟ್ಟುಹೋಗುತ್ತದೆ. ಮಗು ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಆಟಿಕೆಯ ನಿಯಮ ನೀವೇ ಕಂಡುಹಿಡಿಯುವುದು

1997ರ ಹೊತ್ತಿಗೆ ಗಿಗಾ ಪೆಟ್, ನ್ಯಾನೋ ಪೆಟ್ ಎಂದು ಪೈಪೋಟಿಯ ಆಟಿಕೆಗಳು ಬಂದವು. ಒಂದರಲ್ಲೇ ಹತ್ತಾರು ಪ್ರಾಣಿ ಎಂದು ಮಾರುವ ಹೆಸರಿಲ್ಲದ ನಕಲುಗಳಿಗಂತೂ ಕೈಪಿಡಿಯೇ ಇರದು, ಇದ್ದರೂ ಅರ್ಥವಾಗದು. ಅಂಥವುಗಳ ಕಾಯಿಲೆಯ ನಿಯಮ ತಿಳಿಯಲು ಒಂದು ಪುಸ್ತಕ, ಪೆನ್ನು, ಎರಡು ಮೂರು ದಿನ ಸಾಕು.

ಪುಟದಲ್ಲಿ ಐದು ಅಂಕಣ ಹಾಕಿ: ಹೊತ್ತು, ನೆಲದ ಮೇಲಿನ ಗುಡ್ಡೆಗಳ ಎಣಿಕೆ, ತೂಕ, ಹಿಂದಿನ ಒಂದು ಗಂಟೆಯಲ್ಲಿ ಕೊಟ್ಟ ತಿಂಡಿ, ಬುರುಡೆ ಇದೆಯೇ. ಮೊದಲ ದಿನ ಎಲ್ಲವನ್ನೂ ಸರಿಯಾಗಿ ನೋಡಿಕೊಳ್ಳಿ. ಆದರೂ ಬುರುಡೆ ಬಂದರೆ ಹೊತ್ತು ಬರೆದಿಡಿ. ಅವು ಆಟಿಕೆ ತಾನಾಗಿ ತರುವ ಕಾಯಿಲೆಗಳು. ಎರಡನೇ ದಿನ ಗಲೀಜು ಮಾತ್ರ ತೊಳೆಯದೆ ಬಿಡಿ, ಉಳಿದದ್ದೆಲ್ಲ ಮೊದಲ ದಿನದಂತೆ. ಎಷ್ಟನೇ ಗುಡ್ಡೆಗೆ ಅಥವಾ ಎಷ್ಟು ನಿಮಿಷಕ್ಕೆ ಬುರುಡೆ ಬಂತು ಎಂದು ಬರೆಯಿರಿ. ಮದ್ದು ಕೊಡುವಾಗ ಎಷ್ಟು ಡೋಸ್ ಹಿಡಿಯಿತು ಎಂದೂ ಬರೆಯಿರಿ. ಮೂರನೇ ದಿನ ನೆಲ ಚೊಕ್ಕಟವಾಗಿಟ್ಟು ತಿಂಡಿ ಮಾತ್ರ ಹೆಚ್ಚಿಸಿ. ಎರಡನ್ನೂ ಒಂದೇ ದಿನ ಕೆಡಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲು ಬಾರದು, ಹೆಚ್ಚಿನವರ ಪ್ರಯೋಗ ಹಾಳಾಗುವುದು ಹೀಗೆ.

ಒಂದು ಸಲ ಕಂಡದ್ದನ್ನು ನಿಯಮ ಎನ್ನಬೇಡಿ. ಗುಡ್ಡೆಗಳ ಎಣಿಕೆ ಮೂರು ಸಲವೂ ಒಂದೇ ಬಂದರೆ ಅದು ನಿಗದಿಯಾದ ಮಿತಿ. ಬೇರೆ ಬೇರೆ ಬಂದರೆ ಹೊತ್ತಿನ ಲೆಕ್ಕ ಅಥವಾ ಅದೃಷ್ಟದ ಲೆಕ್ಕ. ಡೋಸ್‌ಗೂ ಹಾಗೆಯೇ. ಸಾಯುವ ಗಡುವು ತಿಳಿಯಬೇಕಾದರೆ ಪ್ರಾಣಿಯನ್ನು ಕಳೆದುಕೊಳ್ಳಲು ಸಿದ್ಧರಿರಬೇಕು. ಹಾಗಾಗಿ ಇಪ್ಪತ್ತು ದಿನ ಸಾಕಿದ್ದರ ಮೇಲೆ ಬೇಡ, ಹೊಸ ಮೊಟ್ಟೆಯ ಮೇಲೆ ಮಾಡಿ.

ಮೊದಲ ತಮಗೋಚಿಯ ಚಿಪ್ಪನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಮಾಲಿಬ್ ಎಂಬ ಮುಕ್ತ ತಂತ್ರಾಂಶವೂ ಇದೆ. ಅದನ್ನು ಬಳಸುವ ಪ್ರೋಗ್ರಾಮುಗಳಲ್ಲಿ ಗಡಿಯಾರದ ವೇಗ ಹೆಚ್ಚಿಸಿ ಒಂದು ದಿನದ ಪ್ರಯೋಗವನ್ನು ಕೆಲವೇ ಹೊತ್ತಿನಲ್ಲಿ ಮುಗಿಸಬಹುದು. ಆಟಿಕೆಯ ಮೂಲ ಪ್ರೋಗ್ರಾಮ್ ಅದರ ಜೊತೆ ಬರುವುದಿಲ್ಲ.

ಕೈಮೀರಿದರೆ

ಗಡುವು ದಾಟಿದ ಮೇಲೆ ಮದ್ದಿಲ್ಲ. ಜಪಾನಿನ ಮೂಲ ಆಟಿಕೆಯಲ್ಲಿ ಗೋರಿಯೂ ಅದರ ಪಕ್ಕ ಒಂದು ದೆವ್ವವೂ ಕಾಣುತ್ತವೆ. ಹೊರದೇಶಗಳ ಆವೃತ್ತಿಗಳಲ್ಲಿ ಅದರ ಬದಲು ರೆಕ್ಕೆಯ ದೇವತೆ. ಎಷ್ಟು ವರ್ಷ ಬದುಕಿತು ಎಂಬ ಅಂಕಿ ನೋಡಿಕೊಳ್ಳಿ. ಆಟಿಕೆಯ ಒಂದು ವರ್ಷ ನಮ್ಮ ಒಂದು ದಿನ. ಪ್ರಯೋಗದ ಪುಸ್ತಕವಿದ್ದರೆ ಕೊನೆಯ ಬುರುಡೆ ಕಂಡ ಹೊತ್ತನ್ನೂ ಈ ಪರದೆ ಬಂದ ಹೊತ್ತನ್ನೂ ಬರೆದಿಡಿ, ಗಡುವು ಎಷ್ಟು ಎಂಬುದು ಅಲ್ಲೇ ಸಿಗುತ್ತದೆ. ಆಮೇಲೆ ಎ ಮತ್ತು ಸಿ ಒಟ್ಟಿಗೆ ಒತ್ತಿದರೆ ಹೊಸ ಮೊಟ್ಟೆ. ಮುಂದಿನ ಒಂದೂಕಾಲು ಗಂಟೆ ಬಿಡುವಿದೆಯೇ ಎಂದು ನೋಡಿಕೊಂಡು ಒತ್ತಿ.